ಅಜ್ಜಿಯ ಹುಟ್ಟೂರು

ಸಮಾಧಿಯ ಕಲ್ಲನ್ನು ಕೆತ್ತುವವನು ಸತ್ತವರ ಮನೆಯವರನ್ನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಹೆಸರೇನು, ಹುಟ್ಟಿದ್ದು ಎಂದು, ತೀರಿಕೊಂಡದ್ದು ಎಂದು. ಇಷ್ಟು ತಿಳಿದರೆ ಅವನ ಕೆಲಸ ನಡೆಯುತ್ತದೆ. ಸತ್ತವರು ದೂರದೇಶದಿಂದ ಬಂದು ನೆಲಸಿದವರಾದರೆ ಮಾತ್ರ ಇನ್ನೊಂದು ಮಾತು ಬರುತ್ತದೆ: ಹುಟ್ಟೂರಿನ ಹೆಸರನ್ನೂ ಕೆತ್ತಬೇಕೆ? ಬಹುಮಂದಿ ಹೌದೆನ್ನುತ್ತಾರೆ. ತಿರುಗಿ ಹೋಗಲಾಗದೆ ಹೋದ ಊರಿನ ಹೆಸರಾದರೂ ತಲೆಯ ಬಳಿ ಇರಲೆಂಬುದು ಸಹಜವಾದ ಆಸೆ.

ಅಮೆರಿಕದ ನ್ಯೂ ಜೆರ್ಸಿ ಸಂಸ್ಥಾನದಲ್ಲಿ ಸೌತ್ ರಿವರ್ ಎಂಬ ಸಣ್ಣ ಪಟ್ಟಣವುಂಟು. ಎರಡನೆಯ ಮಹಾಯುದ್ಧವಾದ ಮೇಲೆ ಬೆಲಾರೂಸ್ ದೇಶದಿಂದ ಬಂದ ಅನೇಕ ಕುಟುಂಬಗಳು ಅಲ್ಲಿ ನೆಲಸಿ, ಪೊಲೊತ್ಸ್ಕಿನ ಸಂತ ಎವ್‌ಫ್ರಸೀನಿಯಳ ಹೆಸರಿನಲ್ಲಿ ಒಂದು ದೇವಾಲಯವನ್ನು ಕಟ್ಟಿಕೊಂಡವು. ಅಂತಹ ಪಟ್ಟಣದಲ್ಲಿ ಒಬ್ಬ ಅಜ್ಜಿ ತೀರಿಕೊಂಡಳೆಂದು ಭಾವಿಸಬಹುದು. ಆಕೆಗೆ ಇಲ್ಲಿ ಹೆಸರು ಬೇಡ. ಆಕೆ ಅನೇಕರ ಬಾಳನ್ನು ಕೂಡಿಸಿ ಕಲ್ಪಿಸಿದವಳು, ಆದರೆ ಆಕೆಗೆ ಒದಗಿದ್ದು ಕಲ್ಪನೆಯಲ್ಲ. ಆಕೆ ವಲಸೆಯ ಕಾಗದಗಳಲ್ಲಿ ತನ್ನ ಹುಟ್ಟೂರು ಪಿನ್ಸ್ಕ್ ಪಟ್ಟಣದ ಸಮೀಪದ ಒಂದು ಹಳ್ಳಿಯೆಂದು ಬರೆಸಿದ್ದಳು. ಮಕ್ಕಳಿಗೂ ಅದನ್ನೇ ಹೇಳಿದ್ದಳು. ಮೊಮ್ಮಕ್ಕಳು ಪಾಠಶಾಲೆಯಲ್ಲಿ ಭೂಪಟದ ಮೇಲೆ ಆ ಪಟ್ಟಣವನ್ನೇ ಬೆರಳಿಟ್ಟು ತೋರಿಸಿದ್ದರು. ಆಕೆ ತೀರಿಕೊಂಡ ಮೇಲೆ ಜರ್ಮನಿಯಿಂದ ತರಿಸಿದ ಒಂದು ಹಳೆಯ ಕೂಲಿಚೀಟಿಯ ಪ್ರತಿಯಲ್ಲಿ ಮೊಮ್ಮಗಳು ಬೇರೊಂದು ಹೆಸರನ್ನು ಓದುತ್ತಾಳೆ. ಅದು ಪಿನ್ಸ್ಕಿನಿಂದ ಪೂರ್ವಕ್ಕೆ ಬಹುದೂರದಲ್ಲಿ, ಖೊಯ್ನಿಕಿ ಸೀಮೆಯಲ್ಲಿರುವ ಹಳ್ಳಿ. ಕಲ್ಲು ಕೆತ್ತುವವನು ಕಾಯುತ್ತಿದ್ದಾನೆ. ಯಾವ ಊರನ್ನು ಕೆತ್ತಿಸಬೇಕು?

ನಿಜವಾದದ್ದನ್ನು ಕೆತ್ತಿಸಿದರಾಯಿತು, ಇದರಲ್ಲಿ ಯೋಚಿಸತಕ್ಕದ್ದೇನಿದೆ ಎಂದು ಥಟ್ಟನೆ ತೋರಬಹುದು. ಆದರೆ ಆಕೆ ಐವತ್ತು ವರ್ಷಗಳಿಗೂ ಮಿಗಿಲಾಗಿ ಒಂದೇ ಮಾತನ್ನು ಹೇಳುತ್ತ ಬಂದವಳು. ಗಂಡನಿಗೆ ತಿಳಿದಿತ್ತೋ ಇಲ್ಲವೋ, ಅವನೂ ಇಲ್ಲ. ಬದುಕಿರುವಾಗ ಒಮ್ಮೆಯೂ ಬಿಚ್ಚದ ಗಂಟನ್ನು ಸತ್ತ ಮೇಲೆ ಬೀದಿಯಲ್ಲಿ ಬಿಚ್ಚುವುದಕ್ಕೆ ಮೊಮ್ಮಗಳಿಗೆ ಅಧಿಕಾರವುಂಟೆ? ಹಿರಿಯರನ್ನು ನೆನೆಯುವುದೆಂದರೆ ಅವರು ಹೇಳಿದ್ದನ್ನು ನೆನೆಯುವುದೋ, ಅವರಿಗೆ ಆದದ್ದನ್ನು ನೆನೆಯುವುದೋ? ಎರಡೂ ಒಂದೇ ಆಗಿರುವ ಮನೆಗಳು ಭಾಗ್ಯಶಾಲಿಗಳು. ಬೆಲಾರೂಸಿನಿಂದ ಹೊರಟ ಅಜ್ಜಿಯಂದಿರ ಮನೆಗಳಲ್ಲಿ ಅವು ಬಹುಮಟ್ಟಿಗೆ ಒಂದೇ ಆಗಿರಲಿಲ್ಲ. ಇದಕ್ಕೆ ಕಾರಣವನ್ನು ಆ ನೆಲದ ಚರಿತ್ರೆಯಲ್ಲಿ ಸ್ವಲ್ಪ ಹುಡುಕಬೇಕಾಗುತ್ತದೆ.

ಬೆಲಾರೂಸ್ ಪೋಲೆಂಡಿಗೂ ರಷ್ಯಾಕ್ಕೂ ನಡುವೆ ಸಿಕ್ಕಿದ ನಾಡು. ಹತ್ತೊಂಬತ್ತನೆಯ ಶತಮಾನವೆಲ್ಲ ಅದು ರಷ್ಯದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ೧೯೧೮ರ ಮಾರ್ಚ್ ೨೫ರಂದು ಅಲ್ಲಿಯ ಕೆಲವರು ತಮ್ಮದು ಸ್ವತಂತ್ರ ಜನರಾಜ್ಯವೆಂದು ಸಾರಿದರು, ಅದು ಬಾಳಲಿಲ್ಲ. ೧೯೨೧ರಲ್ಲಿ ರೀಗಾ ನಗರದ ಸಂಧಿಯಿಂದ ನಾಡು ಎರಡು ಹೋಳಾಗಿ ಪಶ್ಚಿಮಭಾಗವು ಪೋಲೆಂಡಿಗೂ ಪೂರ್ವಭಾಗವು ಸೋವಿಯೆತ್ತರಿಗೂ ಸೇರಿತು. ಪಿನ್ಸ್ಕ್ ಪಶ್ಚಿಮದ ಹೋಳಿನಲ್ಲಿ ಉಳಿಯಿತು, ಖೊಯ್ನಿಕಿ ಪೂರ್ವದ ಹೋಳಿನಲ್ಲಿ. ಎರಡೂ ಪೊಲೇಸ್ಯವೆಂಬ ಒಂದೇ ಜೌಗು ಸೀಮೆ; ಎರಡನ್ನೂ ಹೊಲಿದಂತೆ ಹರಿಯುವುದು ಒಂದೇ ಪ್ರಿಪ್ಯಾತ್ ನದಿ. ಗಡಿಗೆರೆಯನ್ನು ಎಳೆದವರು ಈ ನದಿಯನ್ನು ಕೇಳಲಿಲ್ಲ.

ಆ ಸೀಮೆಯ ಜನರ ವಿಷಯದಲ್ಲಿ ಒಂದು ಸಂಗತಿ ಮನನಯೋಗ್ಯವಾಗಿದೆ. ಪೋಲೆಂಡಿನ ಸರಕಾರವು ೧೯೩೧ರಲ್ಲಿ ಜನಗಣತಿ ನಡೆಸಿದಾಗ ಪೊಲೇಸ್ಯದಲ್ಲಿ ೭ ಲಕ್ಷಕ್ಕೂ ಹೆಚ್ಚು ಮಂದಿಯ ಮಾತೃಭಾಷೆ ಪೋಲಿಷ್ ಎಂದೂ ಅಲ್ಲ, ಬೆಲಾರೂಸಿಯೆಂದೂ ಅಲ್ಲ, ‘ತುತೇಯ್ಶಿ’ ಎಂದು ದಾಖಲಾಯಿತು. ಆ ಪದಕ್ಕೆ ಅರ್ಥ ‘ಇಲ್ಲಿಯದು’. ನಿನ್ನ ನುಡಿ ಯಾವುದು? ಇಲ್ಲಿಯದು. ನೀನು ಯಾರವನು? ಇಲ್ಲಿಯವನು. ಇದನ್ನು ಅಧಿಕಾರಿಗಳ ಕೈಚಳಕವೆಂದವರುಂಟು, ಹಳ್ಳಿಗರ ಅಜ್ಞಾನವೆಂದು ನಕ್ಕವರೂ ಉಂಟು. ಕವಿ ಯಾಂಕಾ ಕುಪಾಲಾ ಇದೇ ಪದವನ್ನು ತಲೆಬರಹವಾಗಿಟ್ಟು ೧೯೨೨ರಲ್ಲಿ ಒಂದು ಪ್ರಹಸನವನ್ನು ಬರೆದನು. ದೊರೆ ಬದಲಾದಂತೆಲ್ಲ ತಾನೂ ಬದಲಾಗುವವನೊಬ್ಬನು ಅದರ ನಾಯಕ. ಪ್ರತಿ ದೊರೆಗೂ ಅದರಲ್ಲಿ ಚುಚ್ಚುಮಾತಿದ್ದುದರಿಂದ ಅದು ರಂಗದ ಮೇಲೆ ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಹಳ್ಳಿಗರ ಉತ್ತರದಲ್ಲಿ ಅಜ್ಞಾನ ಮಾತ್ರವಿತ್ತೆಂದು ಹೇಳುವುದು ಸಾಹಸವಾದೀತು. ಮೂರು ತಲೆಮಾರಿನಲ್ಲಿ ನಾಲ್ಕು ಬಾವುಟಗಳನ್ನು ಕಂಡವನಿಗೆ ಬಾವುಟದ ಹೆಸರಿಗಿಂತ ನೆಲದ ಹೆಸರು ನೆಚ್ಚಿಕೆಯದಾಗಿ ಕಾಣುವುದು ಅವಿವೇಕವಲ್ಲ.

‘ಇಲ್ಲಿಯವಳು’ ಎಂಬ ಉತ್ತರ ನಿಂತ ನೆಲದಲ್ಲಿರುವವರೆಗೆ ಚೆನ್ನು. ಹಡಗು ಹತ್ತಿದ ಮೇಲೆ ಅದಕ್ಕೆ ಏನರ್ಥ? ೧೯೧೪ಕ್ಕೆ ಮುಂಚೆ ಅಮೆರಿಕಕ್ಕೆ ಬಂದಿಳಿದ ಬೆಲಾರೂಸಿಗಳು ಈ ತೊಡಕನ್ನು ಮೊದಲು ಎದುರಿಸಿದರು. ಎಲ್ಲಿಯವಳೆಂದು ಕಚೇರಿಯವನು ಕೇಳಿದರೆ ‘ಇಲ್ಲಿಯವಳು’ ಎಂದು ಹೇಳುವುದು ಹೇಗೆ? ಇಂತಹವರು ಎಷ್ಟೋ ವೇಳೆ ಅವರವರ ಚರ್ಚಿನಿಂದ ಗುರುತಿಸಲ್ಪಟ್ಟರು: ಆರ್ಥೊಡಾಕ್ಸ್ ಪಂಥದವರು ರಷ್ಯನ್ನರೆಂದೂ ಕ್ಯಾಥೊಲಿಕರು ಪೋಲಿಷರೆಂದೂ ಲೆಕ್ಕಕ್ಕೆ ಬಂದರು. ಅಕ್ಕಪಕ್ಕದ ಹಿತ್ತಿಲುಗಳಲ್ಲಿ ಆಡಿ ಬೆಳೆದ ಇಬ್ಬರು ಹುಡುಗಿಯರು ಸಮುದ್ರ ದಾಟುವಷ್ಟರಲ್ಲಿ ಎರಡು ರಾಷ್ಟ್ರದವರಾಗಿದ್ದರು. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿಗೆ ತಾವು ಬೆಲಾರೂಸಿನವರೆಂಬುದೇ ತಿಳಿಯದು. ಇದನ್ನು ಸುಳ್ಳೆನ್ನಲಾಗದು, ಪ್ರಶ್ನೆಯ ಪಟ್ಟಿಯಲ್ಲಿ ಉತ್ತರಕ್ಕೆ ಸ್ಥಳವಿರಲಿಲ್ಲ, ಅಷ್ಟೆ.

ಸೌತ್ ರಿವರಿನ ಅಜ್ಜಿಯ ಸಂಗತಿ ಹಾಗಲ್ಲ. ಆಕೆಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಬೇರೆ ಹೇಳಿದಳು.

೧೯೪೧ರ ಜೂನ್ ೨೨ರಂದು ಜರ್ಮನ್ ಸೈನ್ಯವು ಸೋವಿಯೆತ್ ನೆಲಕ್ಕೆ ನುಗ್ಗಿತು. ಮುಂದಿನ ಮೂರು ವರ್ಷಗಳಲ್ಲಿ ಬೆಲಾರೂಸ್ ಅನುಭವಿಸಿದ್ದನ್ನು ವಿವರಿಸುವುದಕ್ಕೆ ಇದು ಸ್ಥಳವಲ್ಲ. ನಾಲ್ವರಲ್ಲಿ ಒಬ್ಬರು ಸತ್ತರೆಂಬ ಲೆಕ್ಕ ಬಹುಕಾಲದಿಂದ ಪ್ರಸಿದ್ಧವಾಗಿದೆ. ಅದು ಕಡಮೆಯಾಯಿತೆನ್ನುವವರೂ ಇದ್ದಾರೆ. ಯೆಹೂದ್ಯರ ಪಟ್ಟಣಗಳಿಗೆ ಪಟ್ಟಣಗಳೇ ಇಲ್ಲವಾದುವು. ಖತೀನ್ ಎಂಬ ಹಳ್ಳಿಯಲ್ಲಿ ೧೯೪೩ರ ಮಾರ್ಚ್ ೨೨ರಂದು ೧೪೯ ಜನರನ್ನು ಕಣಜದಲ್ಲಿ ಕೂಡಿ ಸುಟ್ಟರು. ಅವರಲ್ಲಿ ೭೫ ಮಂದಿ ಮಕ್ಕಳು. ಜನಸಹಿತವಾಗಿ ಸುಡಲ್ಪಟ್ಟ ಹಳ್ಳಿಗಳು ೬೦೦ಕ್ಕೂ ಮಿಕ್ಕಿದ್ದುವು. ಇದರ ನಡುವೆ ಪ್ರಾಯದ ಹುಡುಗರನ್ನೂ ಹುಡುಗಿಯರನ್ನೂ ಹಿಡಿದು ಸಾಮಾನು ಸಾಗಿಸುವ ರೈಲುಡಬ್ಬಿಗಳಲ್ಲಿ ತುಂಬಿ ಜರ್ಮನಿಯ ಕಾರ್ಖಾನೆಗಳಿಗೂ ಹೊಲಗಳಿಗೂ ಕಳುಹಿಸುತ್ತಿದ್ದರು. ಬೆಲಾರೂಸಿನಿಂದ ಹೀಗೆ ಹೋದವರು ೩ ಲಕ್ಷಕ್ಕೂ ಹೆಚ್ಚು. ಎದೆಯ ಮೇಲೆ ಅವರು ‘ಓಸ್ಟ್’, ಎಂದರೆ ‘ಪೂರ್ವ’, ಎಂಬ ಮೂರಕ್ಷರದ ಬಟ್ಟೆಯ ತುಂಡನ್ನು ಹೊಲಿದುಕೊಳ್ಳಬೇಕಾಗಿತ್ತು. ಹದಿನೇಳು ವರ್ಷದ ಹುಡುಗಿಯೊಬ್ಬಳಿಗೆ ಊರಿಲ್ಲ, ಹೆಸರಿಲ್ಲ, ಒಂದು ದಿಕ್ಕು ಮಾತ್ರ ಉಳಿಯಿತು.

ಯುದ್ಧ ಮುಗಿಯಿತು. ಮುಗಿದ ಕೂಡಲೆ ಆಕೆಯ ಎರಡನೆಯ ಭಯ ಮೊದಲಾಯಿತು. ೧೯೪೫ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಆದ ಒಪ್ಪಂದದಂತೆ ಬ್ರಿಟಿಷರೂ ಅಮೆರಿಕನರೂ ತಮ್ಮ ಕೈಗೆ ಸಿಕ್ಕಿದ ಸೋವಿಯೆತ್ ಪ್ರಜೆಗಳನ್ನು ತಿರುಗಿ ಒಪ್ಪಿಸಬೇಕಾಯಿತು. ಹೀಗೆ ಒಪ್ಪಿಸಲ್ಪಟ್ಟವರು ೨೦ ಲಕ್ಷಕ್ಕೂ ಮಿಗಿಲು. ಇವರಲ್ಲಿ ಬಹುಮಂದಿ ಮನೆಯ ಹಂಬಲದಿಂದ ತಾವಾಗಿಯೇ ಹೊರಟರು. ಹೋದವರೆಲ್ಲ ಸೆರೆಗೆ ಬಿದ್ದರೆಂದೂ ಅಲ್ಲ. ಆದರೆ ವಿಚಾರಣೆಯ ಶಿಬಿರಗಳಿದ್ದುವು, ಶತ್ರುವಿಗೆ ದುಡಿದವಳೆಂಬ ಮಾತಿತ್ತು, ೧೯೩೭ನೆಯ ವರ್ಷವನ್ನು ಕಣ್ಣಾರೆ ಕಂಡವರು ಇನ್ನೂ ಅದನ್ನು ಮರೆತಿರಲಿಲ್ಲ. ರಾತ್ರಿಯ ಹೊತ್ತು ಬಾಗಿಲು ತಟ್ಟಿದವರೊಡನೆ ಹೋದ ತಂದೆ ತಿರುಗಿ ಬಾರದ ಮನೆಯ ಹುಡುಗಿಗೆ ಆ ಭಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಒಪ್ಪಂದದಲ್ಲಿ ಒಂದು ಸಂದಿಯಿತ್ತು. ೧೯೩೯ರ ಸೆಪ್ಟೆಂಬರ್ ೧ಕ್ಕೆ ಮುಂಚೆ ಪೋಲೆಂಡಿನ ಪ್ರಜೆಯಾಗಿದ್ದವರನ್ನು ಬಲಾತ್ಕಾರದಿಂದ ಕಳುಹಿಸಲು ಪಾಶ್ಚಾತ್ಯರು ಒಪ್ಪಲಿಲ್ಲ. ಆದುದರಿಂದ ನಿರಾಶ್ರಿತರ ಶಿಬಿರಗಳಲ್ಲಿ ಜೀವಕ್ಕೂ ಮರಣಕ್ಕೂ ನಡುವೆ ನಿಂತಿದ್ದುದು ಒಂದೇ ಪ್ರಶ್ನೆ: ಆ ದಿನ ನೀನು ಎಲ್ಲಿದ್ದೆ? ಪೂರ್ವಭಾಗದ ಸಾವಿರಾರು ಮಂದಿ ಪಶ್ಚಿಮದವರಾಗಿ ಪುನರ್ಜನ್ಮವೆತ್ತಿದರು. ಪಶ್ಚಿಮದವರಿಂದ ಕೇಳಿ ಅಲ್ಲಿಯ ಬೀದಿ, ಸಂತೆ, ದೇವಾಲಯಗಳ ಹೆಸರನ್ನು ಕಲಿತರು. ಎರಡು ಮಾತು ಪೋಲಿಷ್ ನುಡಿಯನ್ನು ನಾಲಗೆಗೆ ರೂಢಿಸಿಕೊಂಡರು. ಖೊಯ್ನಿಕಿ ಸೀಮೆಯ ಹುಡುಗಿ ಪಿನ್ಸ್ಕಿನವಳಾದದ್ದು ಹೀಗೆ. ಒಂದು ವಿಶೇಷವನ್ನು ಗಮನಿಸಬೇಕು. ಸುಳ್ಳು ಹೇಳುವಾಗಲೂ ಆಕೆ ನದಿಯನ್ನು ಬಿಟ್ಟುಹೋಗಲಿಲ್ಲ. ತನ್ನ ಊರನ್ನು ಅದೇ ಪ್ರಿಪ್ಯಾತಿನ ಹರಿವಿಗೆ ಎದುರಾಗಿ ಮೇಲಕ್ಕೆ ಒಯ್ದು ಇರಿಸಿದಳು. ಮುಂದೆ ಮೊಮ್ಮಕ್ಕಳಿಗೆ ಆ ನದಿಯ ವಿಷಯವಾಗಿ ಹೇಳಿದ್ದೆಲ್ಲ, ನೆರೆ ಬಂದಾಗ ದೋಣಿಯಲ್ಲಿ ಹುಲ್ಲು ತಂದದ್ದು, ಜವುಗಿನ ಮೇಲೆ ಕೊಕ್ಕರೆ ಇಳಿದದ್ದು, ಎಲ್ಲವೂ ನಿಜ. ದಡದ ಹೆಸರು ಮಾತ್ರ ಬೇರೆ.

ಇದನ್ನು ಅಸತ್ಯವೆನ್ನಬಹುದೆ? ಅಕ್ಷರಾರ್ಥದಲ್ಲಿ ಸಂದೇಹವಿಲ್ಲ. ೧೭೯೭ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟನು ಒಂದು ಲೇಖನ ಬರೆದು, ಕೊಲೆಗಾರನು ಬಾಗಿಲಲ್ಲಿ ನಿಂತು ಅಡಗಿದವನೆಲ್ಲಿ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ಯಾರಿಗೂ ಇಲ್ಲವೆಂದು ಸಾಧಿಸಿದನು. ಆ ಮಹನೀಯನು ತನ್ನ ಕೋನಿಗ್ಸ್‌ಬರ್ಗ್ ನಗರದ ಆಸುಪಾಸನ್ನು ಬಿಟ್ಟು ಕದಲಿದವನಲ್ಲ. ಗಡಿಕಚೇರಿಯ ಮುಂದೆ ಸಾಲಿನಲ್ಲಿ ನಿಲ್ಲುವ ಪ್ರಸಂಗ ಅವನಿಗೆ ಬಂದಿರಲಾರದು. ಮಹಾಭಾರತವು ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಡುತ್ತದೆ. ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆ ವಾಚಕರಿಗೆ ತಿಳಿದದ್ದೇ: ನಿಜವನ್ನೇ ನುಡಿಯುವೆನೆಂಬ ವ್ರತದಿಂದ ಕಳ್ಳರಿಗೆ ದಾರಿ ತೋರಿದ ತಪಸ್ವಿಗೆ ನರಕವಾಯಿತು. ಪುಣ್ಯಕೋಟಿಯ ನೆನಪೂ ಇಲ್ಲಿ ಬಾರದೆ ಇರದು. ಕೊಟ್ಟ ಮಾತಿಗೆ ತಪ್ಪದೆ ತಿರುಗಿ ಬಂದ ಆ ಹಸುವನ್ನು ಹೊಗಳದವರಿಲ್ಲ. ಆದರೆ ಆ ಹುಲಿಗೆ ಅಂತಃಕರಣವಿತ್ತು. ಕಚೇರಿಯ ನಮೂನೆಗೆ ಅಂತಃಕರಣವನ್ನು ಯಾರೂ ಇಟ್ಟಿರಲಿಲ್ಲ.

ಕೊನೆಗೆ ಕಾನೂನೇ ಈ ಮಾತನ್ನು ಒಪ್ಪಿಕೊಂಡಿತೆಂಬುದು ಸ್ವಾರಸ್ಯ. ರೊದಿಯೋನ್ ಬೆರ್ಯೋಜೊವ್ ಎಂಬ ರಷ್ಯನ್ ಲೇಖಕನು ಹೀಗೆಯೇ ಸುಳ್ಳು ಕಾಗದದ ಮೇಲೆ ಅಮೆರಿಕಕ್ಕೆ ಬಂದು, ಅದನ್ನು ತಾನೇ ಬಹಿರಂಗಪಡಿಸಿದನು. ಸುಳ್ಳು ಹುಟ್ಟೂರಿನ ಕಾಟಕ್ಕೆ ವಲಸೆಗಾರರು ಅವನ ಹೆಸರನ್ನೇ ಇಟ್ಟು ‘ಬೆರ್ಯೋಜೊವನ ರೋಗ’ ಎಂದು ಕರೆದರು. ೧೯೫೭ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಹೊರಟ ಒಂದು ಕಾನೂನಿನಲ್ಲಿ, ತಿರುಗಿ ಕಳುಹಿಸಿದರೆ ಹಿಂಸೆಗೆ ಗುರಿಯಾಗುವ ಭಯದಿಂದ ಹುಟ್ಟಿದ ಸ್ಥಳವನ್ನೋ ರಾಷ್ಟ್ರವನ್ನೋ ತಪ್ಪಾಗಿ ಹೇಳಿದವರನ್ನು ಆ ಕಾರಣದಿಂದ ಹೊರದೂಡಬಾರದೆಂದು ವಿಧಿಸಲಾಯಿತು. ಅಂದಿನಿಂದ ಅಜ್ಜಿಯು ಕಚೇರಿಗೆ ಹೋಗಿ ನಿಜ ಹೇಳಬಹುದಾಗಿತ್ತು. ಆಕೆ ಹೋಗಲಿಲ್ಲ. ಕಾನೂನು ಬದಲಾದದ್ದು ಆಕೆಯ ಕಿವಿಗೆ ಬಿದ್ದಿತೋ ಇಲ್ಲವೋ. ಬಿದ್ದಿದ್ದರೂ ನಂಬಿಕೆ ಬರುತ್ತಿದ್ದಿತೆ? ಕಾಗದವು ಕ್ಷಮಿಸಿತೆಂದ ಮಾತ್ರಕ್ಕೆ ಕಾಗದದ ಭಯ ಹೋಗುವುದಿಲ್ಲ. ಅದೂ ಅಲ್ಲದೆ ಹಿಂದೆ ಉಳಿದ ತಂಗಿಯೊಬ್ಬಳು ಇದ್ದಳೆಂದರೆ, ಅಮೆರಿಕದಲ್ಲಿ ಅಕ್ಕನಿರುವ ಸುದ್ದಿಯೇ ಅವಳಿಗೆ ಕೇಡಾಗಬಹುದಾದ ಕಾಲ ಅದು. ಅಕ್ಕನು ಸತ್ತಳೆಂದು ತಂಗಿ ದೀಪ ಹಚ್ಚಿರುತ್ತಾಳೆ; ಬದುಕಿರುವೆನೆಂದು ಒಂದು ಸಾಲು ಬರೆಯಲು ಅಕ್ಕನಿಗೆ ಕೈ ಬಾರದು. ಪ್ರೀತಿಯು ಎಷ್ಟೋ ವೇಳೆ ಕಾಗದ ಬರೆಯುವುದರಿಂದಲ್ಲ, ಬರೆಯದಿರುವುದರಿಂದ ತನ್ನನ್ನು ತೋರಿಸಿಕೊಳ್ಳಬೇಕಾಗುತ್ತದೆ.

ಇಲ್ಲಿಯವರೆಗೆ ವಿಷಯ ಸುಲಭ. ಅಧಿಕಾರಿಗೆ ಹೇಳಿದ ಸುಳ್ಳಿಗೆ ಧರ್ಮಶಾಸ್ತ್ರಗಳಲ್ಲಿಯೇ ಸಮಾಧಾನವುಂಟು. ಮೊಮ್ಮಗಳನ್ನು ನೋಯಿಸಿದ ಸುಳ್ಳು ಅದಲ್ಲ. ಅಧಿಕಾರಿಗೆ ಹೇಳಿದ್ದನ್ನೇ ಅಜ್ಜಿ ತನಗೂ ಹೇಳಿದಳು! ಮಡಿಲಲ್ಲಿ ಕೂರಿಸಿಕೊಂಡು, ಜಡೆ ಹೆಣೆಯುತ್ತ, ತಾನು ‘ಬಾಬುಲ್ಯ’ ಎಂದು ಕರೆದು ಕೇಳಿದಾಗ, ಗಡಿಕಚೇರಿಯವನಿಗೂ ತನಗೂ ಒಂದೇ ಉತ್ತರವಾಯಿತೆ? ತಾನು ಆಕೆಗೆ ಅಷ್ಟೇ ದೂರದವಳೆ? ಈ ನೋವಿಗೆ ಕಾನೂನಿನಲ್ಲಿ ಪರಿಹಾರವಿಲ್ಲ. ಕಾಂಟನಲ್ಲಿಯೂ ಇಲ್ಲ, ಕೌಶಿಕನ ಕಥೆಯಲ್ಲಿಯೂ ಇಲ್ಲ.

ಒಂದು ಪಕ್ಷದವರು ಹೇಳುವುದು ಹೀಗೆ: ಮೌನವು ಆಕೆಯ ಸೊತ್ತು, ಆಕೆ ಅದನ್ನು ಯಾರಿಗೂ ಬಿಟ್ಟುಹೋಗಲಿಲ್ಲ, ಆದುದರಿಂದ ಕೂಲಿಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಕಲ್ಲಿನ ಮೇಲೆ ಪಿನ್ಸ್ಕೆಂದೇ ಕೆತ್ತಿಸಬೇಕು. ಮಾತು ಗಂಭೀರವಾಗಿದೆ, ಕೇಳುವುದಕ್ಕೂ ಇಂಪಾಗಿದೆ. ಆದರೆ ಇದರಲ್ಲಿ ಒಂದು ಅಪಾಯವಿದೆ. ಆ ಶಿಬಿರಗಳಲ್ಲಿ ಹುಟ್ಟೂರನ್ನು ಬದಲಾಯಿಸಿಕೊಂಡವರೆಲ್ಲ ಹದಿನೇಳರ ಹುಡುಗಿಯರಲ್ಲ. ಆಕ್ರಮಣಕಾರರ ಪೋಲೀಸು ದಳಗಳಲ್ಲಿ ಕೋವಿ ಹಿಡಿದವರೂ, ಯೆಹೂದ್ಯರನ್ನು ಗುಂಡಿಯ ಅಂಚಿಗೆ ನಡೆಸಿಕೊಂಡುಹೋದವರೂ ಅದೇ ಸಾಲಿನಲ್ಲಿ ನಿಂತು ಅದೇ ಸುಳ್ಳನ್ನು ಹೇಳಿ ಅದೇ ಹಡಗುಗಳನ್ನು ಹತ್ತಿದರು. ಅಂತಹವರನ್ನು ಹುಡುಕುವುದಕ್ಕೆಂದೇ ಅಮೆರಿಕದ ನ್ಯಾಯಖಾತೆಯು ೧೯೭೯ರಲ್ಲಿ ಒಂದು ವಿಶೇಷ ಕಚೇರಿಯನ್ನು ತೆರೆಯಬೇಕಾಯಿತು. ಭಯಪಟ್ಟವಳ ಮೌನವೂ ಪಾಪಿಯ ಮೌನವೂ ಹೊರಗಿನಿಂದ ಒಂದೇ ಬಣ್ಣ. ಮೌನವನ್ನು ಮುಟ್ಟಬಾರದೆಂಬ ನಿಯಮವನ್ನು ಎಲ್ಲ ಮನೆಗಳಲ್ಲಿಯೂ ಪಾಲಿಸಿದರೆ, ಗುಂಡಿಯಲ್ಲಿ ಬಿದ್ದವರನ್ನು ನೆನೆಯುವವರು ಯಾರು? ಅವರ ಮನೆಗಳಲ್ಲಿ ಮೊಮ್ಮಕ್ಕಳು ಹುಟ್ಟಲಿಲ್ಲ.

ಆದಕಾರಣ ನೋಡದಿರುವುದು ಭಕ್ತಿಯಲ್ಲ. ಮೊಮ್ಮಗಳು ಜರ್ಮನಿಗೆ ಕಾಗದ ಬರೆದದ್ದು ಸರಿ. ಬಾದ್ ಆರೊಲ್ಸೆನ್ ಎಂಬ ಪಟ್ಟಣದಲ್ಲಿ ಆ ಕಾಲದ ಸೆರೆಯಾಳುಗಳ, ಕೂಲಿಗಳ, ನಿರಾಶ್ರಿತರ ದಾಖಲೆಗಳ ದೊಡ್ಡ ಭಂಡಾರವುಂಟು. ಸುಮಾರು ೧ ಕೋಟಿ ೭೫ ಲಕ್ಷ ಜನರ ಸುಳಿವು ಅದರಲ್ಲಿದೆ. ೨೦೦೭ರಲ್ಲಿ ಅದನ್ನು ಸಂಶೋಧಕರಿಗೆ ತೆರೆದರು. ಅಲ್ಲಿಂದ ಬಂದ ಚೀಟಿಯಲ್ಲಿ ಆಕೆಯ ಎಡಗೈ ಹೆಬ್ಬೆರಳಿನ ಗುರುತು, ದುಡಿದ ಕಾರ್ಖಾನೆಯ ಹೆಸರು, ಹದಿನೇಳು ವರ್ಷದ ಮುಖದ ಚಿತ್ರ, ಎದೆಯ ಮೇಲೆ ಮೂರಕ್ಷರ. ಚೀಟಿಯನ್ನು ನೋಡುವ ಮುಂಚೆ ಮೊಮ್ಮಗಳ ಕೈ ನಡುಗಿತೆಂದರೆ ಆಶ್ಚರ್ಯವಿಲ್ಲ. ಅದರಲ್ಲಿ ಬೇರೇನಾದರೂ ಇದ್ದಿದ್ದರೆ ಅದನ್ನೂ ಓದಬೇಕಾಗುತ್ತಿತ್ತು, ಓದಿದ ಮೇಲೂ ಆಕೆ ಅಜ್ಜಿಯಾಗಿಯೇ ಇರುತ್ತಿದ್ದಳು; ಆ ಭಾರವನ್ನು ಹೊತ್ತ ಮೊಮ್ಮಕ್ಕಳೂ ಲೋಕದಲ್ಲಿದ್ದಾರೆ.

ಇಂತಹ ಮೌನಕ್ಕೆ ಎದುರಾಗಿ ಇನ್ನೊಬ್ಬ ಬೆಲಾರೂಸಿ ಮಹಿಳೆಯ ಬಾಳು ನೆನಪಿಗೆ ಬರುತ್ತದೆ. ಲಾರಿಸಾ ಹೆನಿಯೂಶ್ ಎಂಬ ಕವಯಿತ್ರಿ ೧೯೧೦ರಲ್ಲಿ ಹುಟ್ಟಿದಳು; ೧೯೩೭ರಲ್ಲಿ ವೈದ್ಯನಾದ ಗಂಡನೊಡನೆ ಬಾಳಲು ಪ್ರಾಗ್ ನಗರಕ್ಕೆ ಹೋದಳು. ೧೯೧೮ರ ಜನರಾಜ್ಯದ ಹಳೆಯ ಕಾಗದಪತ್ರಗಳು ಪ್ರಾಗಿನಲ್ಲಿ ಆಕೆಯ ವಶಕ್ಕೆ ಬಂದಿದ್ದುವು. ೧೯೪೮ರಲ್ಲಿ ಆಕೆಯನ್ನೂ ಗಂಡನನ್ನೂ ಹಿಡಿದು ಸೋವಿಯೆತ್ತರಿಗೆ ಒಪ್ಪಿಸಿದರು. ೨೫ ವರ್ಷಗಳ ಶಿಕ್ಷೆಯಾಯಿತು. ೧೯೫೬ರಲ್ಲಿ ಬಿಡುಗಡೆಯಾಗಿ ಜೆಲ್ವಾ ಎಂಬ ಸಣ್ಣ ಊರಿನಲ್ಲಿ ನೆಲಸಿದಳು. ಆದರೆ ಸೋವಿಯೆತ್ ಪ್ರಜೆಯೆಂದು ರುಜುಮಾಡಲು ಕೊನೆಯವರೆಗೂ ಒಪ್ಪಲಿಲ್ಲ. ೧೯೮೩ರಲ್ಲಿ ತೀರಿಕೊಳ್ಳುವವರೆಗೆ, ಇಪ್ಪತ್ತೇಳು ವರ್ಷಗಳು, ತನ್ನ ತಾಯ್ನೆಲದ ನಡುವೆಯೇ ಯಾವ ದೇಶದ ಪ್ರಜೆಯೂ ಅಲ್ಲದವಳಾಗಿ ಬಾಳಿದಳು. ತನ್ನ ಬಾಳನ್ನು ತಾನೇ ಬರೆದಿಟ್ಟಳು. ಅದು ಅಚ್ಚಾದದ್ದು ಸತ್ತ ಮೇಲೆ.

ಒಬ್ಬಳು ಸುಳ್ಳು ಕಾಗದವನ್ನು ತಿರಸ್ಕರಿಸಿ ನೆಲದಲ್ಲಿ ಉಳಿದಳು. ಇನ್ನೊಬ್ಬಳು ಸುಳ್ಳು ಕಾಗದವನ್ನು ಹಿಡಿದು ನೆಲವನ್ನು ಬಿಟ್ಟಳು. ಮೊದಲನೆಯವಳಿಗೆ ಕೀರ್ತಿ ಬಂದದ್ದು ನ್ಯಾಯವೇ. ಆದರೆ ಆಕೆಯ ಅಳತೆಗೋಲಿನಿಂದ ಎರಡನೆಯವಳನ್ನು ಅಳೆಯುವುದು ಅನ್ಯಾಯ. ವೀರರಿಗೆ ತಮ್ಮ ಬಾಳು ಇತರರಿಗೆ ಕಾಣುತ್ತಿದೆಯೆಂಬ ಆಸರೆಯಾದರೂ ಇರುತ್ತದೆ. ಸೌತ್ ರಿವರಿನ ಹೊಲಿಗೆಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದವಳನ್ನು ಯಾರು ನೋಡುತ್ತಿದ್ದರು? ಅವಳ ಧೈರ್ಯವೆಲ್ಲ ಕಾಣಿಸದಿರುವುದರಲ್ಲಿಯೇ ಇತ್ತು.

ಇನ್ನೊಂದು ಸಂಗತಿ. ಮೌನವೆಲ್ಲ ಮುಚ್ಚಿಡುವ ಮೌನವಲ್ಲ. ಕೇಳುವವರಿಲ್ಲದ ಮೌನವೂ ಉಂಟು. ಆಲೆಸ್ ಅದಮೋವಿಚ್, ಯಾಂಕಾ ಬ್ರಿಲ್, ಉಲಾದ್ಜಿಮಿರ್ ಕಲೆಸ್ನಿಕ್ ಎಂಬ ಮೂವರು ಬೆಲಾರೂಸಿ ಲೇಖಕರು ಧ್ವನಿಮುದ್ರಣ ಯಂತ್ರವನ್ನು ಹಿಡಿದು, ಸುಟ್ಟ ಹಳ್ಳಿಗಳಲ್ಲಿ ಬದುಕಿ ಉಳಿದವರನ್ನು ಹುಡುಕಿಕೊಂಡು ಹೋದರು. ೩೦೦ಕ್ಕೂ ಹೆಚ್ಚು ಮಂದಿಯ ಮಾತನ್ನು ಅವರವರ ನುಡಿಯಲ್ಲಿಯೇ ಬರೆದುಕೊಂಡು ೧೯೭೫ರಲ್ಲಿ ಪುಸ್ತಕವನ್ನು ಹೊರಡಿಸಿದರು. ಮಾತಾಡಿದವರಲ್ಲಿ ಹೆಚ್ಚಿನವರು ಹೆಂಗಸರು. ಯುದ್ಧ ಮುಗಿದು ಮೂವತ್ತು ವರ್ಷಗಳಾಗಿದ್ದುವು. ಬೆಂಕಿಯಿಂದ ತೆವಳಿ ಹೊರಬಂದವಳನ್ನು ಕೂರಿಸಿ ಕೇಳಿದರೆ ಮಾತು ತಾನಾಗಿ ಬಂದಿತು. ಈ ದಾರಿಯಲ್ಲಿಯೇ ಮುಂದೆ ನಡೆದ ಸ್ವೆತ್ಲಾನಾ ಅಲೆಕ್ಸಿಯೆವಿಚಳಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಿವಿಗೂ ಒಂದು ಪಾರಿತೋಷಕ ಸಲ್ಲಬಹುದೆಂಬುದು ಅಂದು ಸ್ಪಷ್ಟವಾಯಿತು.

ಅಮೆರಿಕದ ಅಡಿಗೆಮನೆಯಲ್ಲಿ ಅಜ್ಜಿಗೆ ಅಂತಹ ಕಿವಿ ಸಿಗಲಿಲ್ಲ. ಮೊಮ್ಮಗಳಿಗೆ ಬರುತ್ತಿದ್ದುದು ಇಂಗ್ಲಿಷು. ಅಜ್ಜಿಗೆ ಬರುತ್ತಿದ್ದ ಇಂಗ್ಲಿಷು ಅಂಗಡಿಯದು, ಕಾರ್ಖಾನೆಯದು: ಬೆಲೆ, ಗಂಟೆ, ಬಾಡಿಗೆ, ಹವೆ. ತಂದೆಯನ್ನು ರಾತ್ರಿ ಕರೆದೊಯ್ದುದನ್ನು ಹೇಳುವ ಪದಗಳನ್ನು ಅಂಗಡಿಯಲ್ಲಿ ಯಾರೂ ಕಲಿಸುವುದಿಲ್ಲ. ತನ್ನ ನುಡಿಯಲ್ಲಿ ಹೇಳಿದರೆ ಕೂಸಿಗೆ ತಿಳಿಯದು, ಕೂಸಿನ ನುಡಿಯಲ್ಲಿ ಹೇಳಹೊರಟರೆ ಆದ ಸಂಗತಿಯೇ ಸಣ್ಣದಾಗಿಬಿಡುತ್ತದೆ. ಆಗ ಆಲೂಗೆಡ್ಡೆಯನ್ನು ತುರಿದು ರೊಟ್ಟಿ ಸುಡುವುದೇ ಮೇಲು. ಮೊಮ್ಮಗಳಿಗೂ ಅಧಿಕಾರಿಗೂ ಆಕೆ ಒಂದೇ ಉತ್ತರ ಕೊಟ್ಟದ್ದು ನಿಜ. ಆದರೆ ಅಧಿಕಾರಿಯ ಎದುರಿಗೆ ಆಕೆ ತನ್ನನ್ನು ಕಾಪಾಡಿಕೊಂಡಳು, ಮೊಮ್ಮಗಳ ಎದುರಿಗೆ ಮೊಮ್ಮಗಳನ್ನು. ಭಯವಿಲ್ಲದ ಊರೊಂದನ್ನು ಆ ಮಗುವಿಗೆ ಹುಟ್ಟೂರಾಗಿ ಕೊಡಬೇಕೆಂದು ಆಕೆ ಬಯಸಿದ್ದರೆ, ಅದನ್ನು ವಂಚನೆಯೆಂದು ಕರೆಯಲು ನಾಲಗೆ ಏಳುವುದಿಲ್ಲ.

ಬೆಲಾರೂಸಿನ ಹಳ್ಳಿಗಳಲ್ಲಿ ಪಿತೃಗಳನ್ನು ನೆನೆಯುವ ಹಬ್ಬವೊಂದುಂಟು; ಹೆಸರು ‘ದ್ಜಾದಿ’, ಎಂದರೆ ‘ಅಜ್ಜಂದಿರು’. ಶರತ್ಕಾಲದ ದ್ಜಾದಿ ಎಲ್ಲಕ್ಕೂ ಮುಖ್ಯವಾದದ್ದು. ಮನೆಯನ್ನು ತೊಳೆದು, ಅಡಿಗೆ ಮಾಡಿ, ಬೇಯಿಸಿದ ಧಾನ್ಯಕ್ಕೆ ಜೇನು ಬೆರಸಿದ ಕೂತ್ಯವೆಂಬ ಭಕ್ಷ್ಯವನ್ನು ಮೊದಲಿಗಿಟ್ಟು, ಸತ್ತವರನ್ನು ಊಟಕ್ಕೆ ಕರೆಯುತ್ತಾರೆ. ಪ್ರತಿ ಭಕ್ಷ್ಯದಿಂದಲೂ ಮೊದಲ ಚಮಚವನ್ನು ಅವರಿಗಾಗಿ ಬೇರೆ ತಟ್ಟೆಗೆ ಹಾಕಿದ ಮೇಲೆಯೇ ಉಳಿದವರ ಊಟ. ಪಕ್ಷಮಾಸದಲ್ಲಿ ಎಡೆಯಿಡುವ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾದದ್ದಿಲ್ಲ. ಹೆಸರು ಅಜ್ಜಂದಿರದಾದರೂ ನೀರು ಹೊತ್ತು ಅಡಿಗೆ ಮಾಡುವವರು ಅಜ್ಜಿಯರು. ಪೊಲೇಸ್ಯದ ಕೆಲವೆಡೆ ಮಾತ್ರ ನ್ಯಾಯ ತೋರಿಸಿ ಮರುದಿನವನ್ನು ‘ಅಜ್ಜಿಯಂದಿರು’ ಎಂದೇ ಕರೆದಿದ್ದಾರೆ. ಹಬ್ಬದ ಊ‍ಟಕ್ಕೆ ಕರೆಯುವಾಗ ಯಾರೂ ಅತಿಥಿಯ ಕಾಗದವನ್ನು ಕೇಳುವುದಿಲ್ಲ. ಬದುಕಿದ್ದಾಗ ಹೇಳಿದ ನಿಜವೂ ಸುಳ್ಳೂ ಜೊತೆಯಲ್ಲಿಯೇ ಬಂದು ಮೇಜಿನ ಬಳಿ ಕೂರುತ್ತವೆ.

ಇನ್ನು ಕಲ್ಲಿನ ಮಾತು. ಅದರ ಮೇಲೆ ಖೊಯ್ನಿಕಿ ಸೀಮೆಯ ಹಳ್ಳಿಯನ್ನೇ ಕೆತ್ತಿಸುವುದು ಉಚಿತ. ಆಕೆಯನ್ನು ಹಿಡಿದೊಯ್ಯುವವರು ಇಂದು ಯಾರೂ ಇಲ್ಲ. ಆ ಸೋವಿಯೆತ್ ರಾಜ್ಯವೇ ೧೯೯೧ರಲ್ಲಿ ಇಲ್ಲವಾಯಿತು. ಸುಳ್ಳಿಗೆ ಕಾರಣವಾದ ಭಯವು ಆಕೆಯೊಡನೆ ಮುಗಿಯಿತು. ಕಾರಣ ಮುಗಿದ ಮೇಲೂ ಸುಳ್ಳನ್ನು ಕಲ್ಲಿಗೆ ಏರಿಸಿದರೆ ಅದು ಮೊಮ್ಮಗಳ ಸುಳ್ಳಾಗುತ್ತದೆಯೆ ಹೊರತು ಅಜ್ಜಿಯದಲ್ಲ. ಹಾಗೆಂದು ಪಿನ್ಸ್ಕನ್ನು ಒರಸಿಹಾಕತಕ್ಕದ್ದಲ್ಲ. ಅದನ್ನು ಮನೆಯ ಮೇಜಿನ ಬಳಿ, ಮಕ್ಕಳೆಲ್ಲ ಕೂತಿರುವಾಗ, ಕಾರಣಸಹಿತವಾಗಿ ಹೇಳಬೇಕು: ಇಪ್ಪತ್ತು ವರ್ಷದವಳು, ಶಾಲೆ ಹೆಚ್ಚು ಓದಿಲ್ಲದವಳು, ನೋಡದ ಪಟ್ಟಣದ ಬೀದಿಗಳನ್ನು ಬಾಯಿಪಾಠ ಮಾಡಿ, ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು, ತನಗೊಂದು ಜನ್ಮವನ್ನು ತಾನೇ ಕೊಟ್ಟುಕೊಂಡಳೆಂದು. ಹುಟ್ಟೂರು ತಾಯಿತಂದೆಗಳಿಂದ ಬಂದದ್ದು. ಪಿನ್ಸ್ಕನ್ನು ಆಕೆಯೇ ಸಂಪಾದಿಸಿದಳು. ಆ ಸುಳ್ಳಿಲ್ಲದಿದ್ದರೆ ಕಲ್ಲು ಕೆತ್ತಿಸುವ ಮೊಮ್ಮಗಳೂ ಇರುತ್ತಿರಲಿಲ್ಲ.

ಆ ಹಳ್ಳಿಯನ್ನು ಹೋಗಿ ನೋಡುವುದಕ್ಕೆ ಸಾಧ್ಯವೆ? ೧೯೮೬ರ ಏಪ್ರಿಲ್ ೨೬ರಂದು ಗಡಿಯಾಚೆಯ ಚೆರ್ನೊಬಿಲ್ ಅಣುವಿದ್ಯುತ್ ಸ್ಥಾವರ ಸ್ಫೋಟಿಸಿದಾಗ ಬಿದ್ದ ವಿಷದ ಬೂದಿಯಲ್ಲಿ ಬಹುಭಾಗ ಬೆಲಾರೂಸಿನ ಮೇಲೆ ಬಿದ್ದಿತು. ಖೊಯ್ನಿಕಿ, ಬ್ರಾಗಿನ್, ನರೋವ್ಲ್ಯ ಸೀಮೆಗಳ ೯೦ಕ್ಕೂ ಹೆಚ್ಚು ಹಳ್ಳಿಗಳನ್ನು ತೆರವುಮಾಡಿಸಿ, ೧೯೮೮ರಲ್ಲಿ ಆ ನೆಲವನ್ನೆಲ್ಲ ಮನುಷ್ಯಸಂಚಾರವಿಲ್ಲದ ಮೀಸಲು ಅರಣ್ಯವಾಗಿ ಮಾಡಿದರು. ಬೀದಿಗಳಲ್ಲಿ ಮರ ಬೆಳೆದಿದೆ; ಚಾವಣಿಗಳು ಕುಸಿದಿವೆ; ತೋಳವೂ ಕಾಡೆಮ್ಮೆಯೂ ತಿರುಗುತ್ತವೆ. ಯುದ್ಧವೂ ಗಡಿಯೂ ಬಿಟ್ಟುಹೋದದ್ದನ್ನು ಕಣ್ಣಿಗೆ ಕಾಣದ ಕಿರಣ ತೆಗೆದುಕೊಂಡಿತು. ಅಜ್ಜಿಯು ಆ ಸುದ್ದಿಯನ್ನು ದೂರದರ್ಶನದಲ್ಲಿ ಕೇಳಿರಬೇಕು. ಆ ಸಂಜೆ ಆಕೆ ಬೇಗನೆ ಮಲಗಿದ್ದರೆ ಮನೆಯವರು ಅದನ್ನು ದಣಿವೆಂದು ತಿಳಿದಿರಬಹುದು. ಅವರ ಎಣಿಕೆಯಲ್ಲಿ ಪಿನ್ಸ್ಕ್ ಬಹುದೂರವಿತ್ತಲ್ಲವೆ?

ವರ್ಷದಲ್ಲಿ ಒಮ್ಮೆ ಮಾತ್ರ ಆ ಅರಣ್ಯದ ಅಡ್ಡಗಂಬವನ್ನು ಎತ್ತುತ್ತಾರೆ. ಈಸ್ಟರ್ ಹಬ್ಬವಾದ ಒಂಬತ್ತನೆಯ ದಿನ ಬರುವ ರಾದವ್ನಿತ್ಸ ಸತ್ತವರ ಹಬ್ಬ. ಅದರ ಆಸುಪಾಸಿನ ದಿನಗಳಲ್ಲಿ ಹಳೆಯ ನಿವಾಸಿಗಳಿಗೂ ಅವರ ಸಂತಾನಕ್ಕೂ ತಮ್ಮ ತಮ್ಮ ಸ್ಮಶಾನಗಳಿಗೆ ಹೋಗಲು ಅಪ್ಪಣೆಯುಂಟು. ಜನರು ವಾಹನಗಳಲ್ಲಿ ಬಂದಿಳಿದು ಗೋರಿಗಳ ಮೇಲಿನ ಹುಲ್ಲು ಕೀಳುತ್ತಾರೆ. ಶಿಲುಬೆಗಳಿಗೆ ಕಸೂತಿಯ ವಸ್ತ್ರ ಕಟ್ಟುತ್ತಾರೆ. ಗೋರಿಯ ಮೇಲೆ ಬಟ್ಟೆ ಹಾಸಿ, ಮೊಟ್ಟೆ, ರೊಟ್ಟಿ, ಒಂದು ಲೋಟ ಮದ್ಯ ಇಟ್ಟು, ಸತ್ತವರೊಡನೆ ಊಟ ಮಾಡುತ್ತಾರೆ. ಮನೆಗಳೆಲ್ಲ ಬಿದ್ದ ಹಳ್ಳಿಯಲ್ಲಿ ಸ್ಮಶಾನವೊಂದೇ ಊರಾಗಿ ಉಳಿದಿದೆ. ಅಂದು ಅಲ್ಲಿ ಸೇರುವ ಮುದುಕಿಯರು ಗುರುತಿಲ್ಲದ ಮುಖವೊಂದನ್ನು ಕಂಡರೆ ಎಲ್ಲಿಂದ ಬಂದೆಯೆಂದು ಮೊದಲು ಕೇಳುವುದಿಲ್ಲ. ಯಾರ ಮನೆಯ ಹುಡುಗಿ ನೀನು ಎಂದು ಕೇಳುತ್ತಾರೆ.